ಹೊನ್ನಾಳಿ ಮೇಸ್ತ್ರಿಯ ಹೆಸರಿಲ್ಲದ ಎಣ್ಣೆ

ಚನ್ನಗಿರಿಯಲ್ಲಿ ಮೂವತ್ತೆಂಟು ವರ್ಷ ಬಿತ್ತನೆ ಬೀಜ ಮಾರಿದವನು ನಾನು. ಅಂಗಡಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: ‘ಬಿಡಿ ಬೀಜ ಮುಟ್ಟಬೇಡ್ರಿ. ಸೀಲ್ ನೋಡ್ರಿ, ಚೀಟಿ ಓದ್ರಿ.’ ಹೇಳಿ ಹೇಳಿ ಅದು ನನ್ನ ರಕ್ತಕ್ಕೇ ಇಳಿದುಬಿಟ್ಟಿತ್ತು. ಮನೆಗೆ ಬಿಡಿ ಅರಿಸಿನ ಬಂದರೂ ಮೂಸಿ ನೋಡದೆ ಒಳಗೆ ಬಿಡುತ್ತಿರಲಿಲ್ಲ.

ಅಂಗಡಿಯ ಉಸಾಬರಿ ಬಿಟ್ಟ ಮೇಲೆ ಜಗಳೂರಿನ ನಿವೃತ್ತ ಮೇಷ್ಟ್ರೊಬ್ಬರಿಂದ ಅವರ ಹಳೆಯ ಕಾರನ್ನು ಕೊಂಡೆ. ಸ್ಟೇರಿಂಗಿನ ಮಗ್ಗುಲಲ್ಲೇ ಗೇರಿನ ಹಿಡಿ ಇರುವ, ಗುಂಡು ಮೈಯ ಕಾರು. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕದು. ಕೀಲಿಕೈ ಕೊಟ್ಟ ಮೇಲೂ ಮೇಷ್ಟ್ರು ನನ್ನ ಕೈ ಬಿಡಲಿಲ್ಲ.

‘ಗೇರ್‌ಬಾಕ್ಸಿನೊಳಗೆ ಹಿತ್ತಾಳೆ ಉಂಗುರ ಅದಾವ್ರಿ. ಗೇರು ಬದಲಿಸೋವಾಗ ಹಲ್ಲಿಗೆ ಹಲ್ಲು ಬಡೀದೆ ಇರಂಗೆ ಕಾಯೋವು ಅವೇ. ಹೊಸವು ಎಲ್ಲೂ ಸಿಗಾಕಿಲ್ಲ, ಹುಡುಕಿ ಸೋತೀನಿ. ಅವು ಹೋದ್ವು ಅಂದ್ರೆ ಗಾಡಿ ಹೋತು. ಎಣ್ಣೆ ವಿಷಯದಾಗೆ ಹುಷಾರು.’

ಎಣ್ಣೆಯ ವಿಷಯದಲ್ಲಿ ಹುಷಾರು ಎಂದರೆ ನನಗೆ ಹೊಳೆದದ್ದು ಒಂದೇ: ನಕಲಿ ಎಣ್ಣೆ. ದಾವಣಗೆರೆಗೆ ಹೋಗಿ, ಸೀಲನ್ನು ಬೆಳಕಿಗೆ ಹಿಡಿದು, ತಯಾರಾದ ತಿಂಗಳು ಓದಿ, ಒಂದು ದೊಡ್ಡ ಡಬ್ಬಿ ಗೇರ್ ಎಣ್ಣೆ ತಂದೆ. ಅದರ ಮೇಲೆ ಎಣ್ಣೆಯ ದರ್ಜೆ ಜಿಎಲ್ ಐದು ಎಂದಿತ್ತು. ಪಕ್ಕದಲ್ಲಿ ಜಿಎಲ್ ನಾಲ್ಕೂ ಇತ್ತು, ಅಗ್ಗದ್ದು. ನಾಲ್ಕಕ್ಕಿಂತ ಐದು ಮೇಲು ತಾನೆ?

ಹಳೆಯ ಕಾರುಗಳಿಗೆ ನಮ್ಮ ಸೀಮೆಗೆಲ್ಲ ಹೊನ್ನಾಳಿಯ ಒಬ್ಬ ಮೇಸ್ತ್ರಿಯೇ ಗತಿ. ಅವರು ನನ್ನ ಡಬ್ಬಿಯ ಸೀಲು ಒಡೆದು ಹಿಂದಿನ ಚಕ್ರಗಳ ನಡುವೆ ಅವನ್ನು ತಿರುಗಿಸುವ ಹಲ್ಲುಚಕ್ರ, ಕ್ರೌನಿಗೆ ಸುರಿದರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಗೇರ್‌ಬಾಕ್ಸಿನ ಸರದಿ ಬಂದಾಗ ಬೆಂಚಿನ ಕೆಳಗೆ ಕೈ ಹಾಕಿ, ಗೋಣಿತಾಟು ಸರಿಸಿ, ಚೀಟಿಯೂ ಇಲ್ಲದ ಕರಿ ಡಬ್ಬವೊಂದನ್ನು ಎಳೆದರು.

‘ಇದ್ಯಾವುದು ಮೇಸ್ತ್ರಿ?’

‘ಎಣ್ಣೆ.’

‘ಹೆಸರು?’

‘ಎಣ್ಣೆಗೂ ನಾಮಕರಣ ಮಾಡ್ತೀರೇನ್ರಿ ಸಾವ್ಕಾರ್ರೆ? ಡ್ರಮ್ಮಿಂದ ತೆಗೆದಿಟ್ಟಿದ್ದು. ಮುಂದಿನ ಬಾಕ್ಸಿಗೆ ಇದೇ ಆಗ್ಬೇಕು.’

‘ಒಂದು ಗಾಡಿಗೆ ಎರಡು ಎಣ್ಣೆ ಯಾಕೆ?’

‘ತಲೆಗೆ ಕೊಬ್ಬರಿ ಎಣ್ಣೆ ಹಚ್ತೀರಿ, ದೀಪಕ್ಕೆ ಹಿಪ್ಪೆ ಎಣ್ಣೆ ಹಾಕ್ತೀರಿ. ಸುಮ್ನೆ ಕುಂತ್ಕಳ್ರಿ.’

ಎಣ್ಣೆ ಮಿಕ್ಕಿದ್ದ ನನ್ನ ಡಬ್ಬಿಯ ಮುಚ್ಚಳ ತಿರುವಿ ಅದನ್ನು ತಮ್ಮ ಗೂಡಿನಲ್ಲಿಟ್ಟುಕೊಂಡರು. ‘ಇಲ್ಲೇ ಇರ್ಲಿ, ಬೇಕಾಗ್ತೈತೆ’ ಎಂದರು. ಯಾರಿಗೆ ಬೇಕಾಗುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ದಾರಿಯುದ್ದಕ್ಕೂ ಅದೇ ಕೊರೆಯಿತು. ನನ್ನ ಅಸಲಿ ಎಣ್ಣೆ ಅವರ ಗೂಡಿಗೆ, ಅವರ ಬಿಡಿ ಎಣ್ಣೆ ನನ್ನ ಉಂಗುರಗಳಿಗೆ! ಮನೆಯಲ್ಲಿ ಹೇಳಿದೆ.

‘ಗೋಣಿತಾಟು ಮುಚ್ಚಿ ಇಟ್ಟಿದ್ರು ಕಣೇ. ಮುಚ್ಚೋ ಅಂಥದ್ದು ಏನಿರ್ತೈತೆ ಅದ್ರಾಗೆ?’

‘ಉಪ್ಪಿನಕಾಯಿ ಜಾಡಿಗೆ ನಾನೂ ಬಟ್ಟೆ ಮುಚ್ತೀನಿ. ನನ್ನೂ ಹಿಡಿದು ಕೊಡ್ರಿ’ ಎಂದಳು ನನ್ನಾಕೆ. ‘ತಾ ಕಳ್ಳ ಪರರ ನಂಬ ಅಂತಾರಲ್ಲ, ಹಂಗಾತು.’

ಆದರೂ ಸಮಾಧಾನವಾಗಲಿಲ್ಲ. ಹದಿನೈದು ದಿನ ತಡೆದು, ಅದೇ ಜಿಎಲ್ ಐದರ ಇನ್ನೊಂದು ಡಬ್ಬಿ ಕೊಂಡು, ಮೇಸ್ತ್ರಿಯ ಕಣ್ಣಿಗೆ ಬೀಳಬಾರದೆಂದು ಹೊನ್ನಾಳಿ ತಪ್ಪಿಸಿ ಸುತ್ತು ದಾರಿಯಲ್ಲಿ ನ್ಯಾಮತಿಗೆ ಹೋದೆ. ಅಲ್ಲಿನ ಹೊಸ ಗ್ಯಾರೇಜಿನವರು ನಾನು ಹೇಳಿದಂತೆಯೇ ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ನನ್ನದನ್ನು ತುಂಬಿದರು. ಇಳಿಸಿದ ಎಣ್ಣೆಯನ್ನು ಒಂದು ಬಾಟಲಿಯಲ್ಲಿ ಹಿಡಿದುಕೊಂಡೆ. ನಾಳೆ ಮಾತು ಬಂದರೆ ಸಾಕ್ಷಿಗೆ ಇರಲಿ ಎಂದು.

ತಿಂಗಳಾಗಲಿಲ್ಲ, ಎರಡನೇ ಗೇರಿಗೆ ಹಾಕುವಾಗ ‘ಗರ್’ ಎಂದಿತು. ಮಾರನೆಯ ದಿನ ಇನ್ನೂ ಜೋರಾಗಿ. ನೋಡಿದಿರಾ, ಹೊನ್ನಾಳಿಯ ಎಣ್ಣೆ ಆ ಹದಿನೈದು ದಿನದಲ್ಲೇ ಉಂಗುರ ತಿಂದು ಹಾಕಿದೆ! ಮೇಸ್ತ್ರಿಯ ಮುಖಕ್ಕೆ ಹಿಡಿಯಲು ಪುರಾವೆ ಬೇಕಿತ್ತು. ತೂಗುದೀಪದ ಮುರಿದ ಸರಪಳಿಯಿಂದ ಎರಡು ಹಿತ್ತಾಳೆ ಕೊಂಡಿ ಬಿಡಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಒಂದನ್ನು ಮೇಸ್ತ್ರಿಯ ಎಣ್ಣೆಯ ಲೋಟದಲ್ಲಿ, ಇನ್ನೊಂದನ್ನು ನನ್ನ ಡಬ್ಬಿಯಲ್ಲಿ ಮಿಕ್ಕಿದ್ದ ಎಣ್ಣೆಯ ಲೋಟದಲ್ಲಿ ಮುಳುಗಿಸಿದೆ. ಗೇರ್‌ಬಾಕ್ಸಿನೊಳಗಿನ ಹಾಗೆ ಬಿಸಿಯಾಗಲೆಂದು ಎರಡೂ ಲೋಟಗಳನ್ನು ಬಚ್ಚಲಿನ ಹಂಡೆ ಒಲೆಯ ಬಿಸಿ ಬೂದಿಯಲ್ಲಿ ದಿನಾ ಬೆಳಿಗ್ಗೆ ಇಡುತ್ತಿದ್ದೆ.

‘ಈ ಹಾಳು ವಾಸನೆ ಯಾವಾಗ ಮುಗೀತೈತ್ರಿ?’ ಎನ್ನುತ್ತಲೇ ಎಂಟನೆಯ ದಿನ ನನ್ನಾಕೆಯೇ ಕಡ್ಡಿಯಿಂದ ಕೊಂಡಿಗಳನ್ನು ಎತ್ತಿದಳು. ಒಂದು ಹಾಕಿದ ಹಾಗೆಯೇ ಹಳದಿ. ಇನ್ನೊಂದು ಹಂಡೆಯ ತಳದಷ್ಟು ಕಪ್ಪು.

‘ಕಲಾಯಿ ಇಲ್ಲದ ಪಾತ್ರೆಯಾಗೆ ಹುಳಿ ಬಿಟ್ಟಂಗೆ ಆಗೈತೆ’ ಎಂದಳು. ‘ಕರೇದು ಯಾರ ಲೋಟದ್ದು?’

ನನ್ನ ಲೋಟದ್ದು. ಮೂರು ಸಲ ನೋಡಿದೆ. ಲೋಟ ಅದಲು ಬದಲಾಗಿರಬಹುದೇ ಎಂದು ಅವಳ ಮೇಲೂ ಕಣ್ಣು ಹಾಯಿತು. ಅವಳು ಅದನ್ನು ಗಮನಿಸಿ, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಆಗ ಭಯ ಹುಟ್ಟಿತು. ಒಂದು ತಿಂಗಳಿಂದ ಆ ಉಂಗುರಗಳು ನಾನೇ ಹಾಕಿಸಿದ ಎಣ್ಣೆಯಲ್ಲಿ ಬೇಯುತ್ತಿದ್ದವು. ಮರುದಿನವೇ ಹೊನ್ನಾಳಿಗೆ ಹೋಗಿ, ಕಪ್ಪು ಕೊಂಡಿಯನ್ನು ಮೇಸ್ತ್ರಿಯ ಕೈಗಿಟ್ಟು ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಗಾಡಿಯ ಕೆಳಗೆ ತೂರಿ ಎಣ್ಣೆಯನ್ನು ಬೋಗುಣಿಗೆ ಇಳಿಸಿದರು. ಬೆರಳದ್ದಿ, ಅಂಗೈಗೆ ಸವರಿಕೊಂಡು ಬಿಸಿಲಿಗೆ ಹಿಡಿದರು. ಅಲ್ಲೊಂದು ಇಲ್ಲೊಂದು ಹೊನ್ನಿನ ಬಣ್ಣದ ಹಿತ್ತಾಳೆ ಚುಕ್ಕಿ ಮಿನುಗಿತು.

‘ನಕಲಿ ಎಣ್ಣೇನಾ ಮೇಸ್ತ್ರಿ?’

‘ಅಸಲೀನೇ ಸಾವ್ಕಾರ್ರೆ. ಐದು ಅಂದ್ರೆ ಮೇಲು ಅಂತಲ್ಲ, ಭಾಳ ಖಾರದ ಎಣ್ಣೆ ಅಂತ. ಹಿಂದಿನ ಕ್ರೌನಿಗೆ ಅಷ್ಟು ಖಾರ ಬೇಕೇ ಬೇಕು. ನಿಮ್ಮ ಡಬ್ಬಿ ಗೂಡಿನಾಗೆ ಇಟ್ಟಿದ್ದು ಅದಕ್ಕೇ, ಮುಂದಿನ ಸಲ ಹಾಕಾಕೆ. ಆದ್ರೆ ಹಿತ್ತಾಳೆ ತಡೆಯಾಕಿಲ್ಲ ಅದನ್ನ, ಅದಕ್ಕೆ ನನ್ನ ಕರಿ ಡಬ್ಬದ ಸಪ್ಪೆ ಎಣ್ಣೇನೇ ಆಗ್ಬೇಕು. ಬೀಜ ಮಾರಿದೋರು ನೀವು. ಭದ್ರಾ ನಾಲೆ ಭತ್ತ ಒಯ್ದು ಜಗಳೂರಿನ ಒಣ ಹೊಲಕ್ಕೆ ಬಿತ್ರಿ ಅಂತ ಕೊಡ್ತಿದ್ರಾ, ಸೀಲ್ ಐತೆ ಅಂತ?’

‘ಉಂಗುರ?’ ಎಂದೆ.

‘ತೊಳೆದು ನೋಡಾಣ.’

ಕರಿ ಡಬ್ಬದ ಎಣ್ಣೆಯನ್ನು ಒಮ್ಮೆ ತುಂಬಿ, ಓಡಿಸಿ, ಇಳಿಸಿ, ಮತ್ತೆ ತುಂಬಿದರು. ತಾವೇ ಸ್ಟೇರಿಂಗಿಗೆ ಕೂತು ತುಂಗಭದ್ರೆಯ ಸೇತುವೆಯ ಕಡೆಗೆ ಬಿಟ್ಟರು. ಎರಡನೇ ಗೇರಿಗೆ ಮೊದಲ ಸಲ ಸಣ್ಣಗೆ ಗೊಣಗಿತು. ನಾನು ಸೀಟಿನ ಅಂಚನ್ನು ಹಿಡಿದೆ. ಸೇತುವೆ ದಾಟಿ, ತಿರುಗಿಸಿಕೊಂಡು ಬರುವಾಗ ಮತ್ತೆ ಹಾಕಿದರು. ಬೆಣ್ಣೆಗೆ ಬೆರಳು ಇಳಿದಂತೆ ಇಳಿಯಿತು. ಬೇಕೆಂದೇ ಐದಾರು ಸಲ ಹಾಕಿ ತೆಗೆದರು. ಸದ್ದಿಲ್ಲ.

‘ಬದುಕ್ಯಾವೆ’ ಎಂದರು.

ಗ್ಯಾರೇಜಿಗೆ ಮರಳಿದ ಮೇಲೆ ನಾನು ಹೊರಡಲು ಎದ್ದರೆ, ‘ನಿಂತ್ಕಳ್ರಿ’ ಎಂದು ಡ್ರಾಯರಿನಿಂದ ಕೆಂಪು ಉಗುರುಬಣ್ಣದ ಸೀಸೆ ತೆಗೆದರು. ಎಣ್ಣೆ ತುಂಬುವ ಮತ್ತು ಇಳಿಸುವ ಎರಡೂ ಬೋಲ್ಟಿನ ಮೇಲೆ, ಬಾಕ್ಸಿನ ಮೈಗೂ ತಾಗುವಂತೆ, ಒಂದೊಂದು ಗೆರೆ ಎಳೆದರು.

‘ಇದೇನು ಮೇಸ್ತ್ರಿ?’

‘ನೀವು ಮತ್ತೆ ಎಲ್ಲಾದ್ರೂ ಬಿಚ್ಚಿಸಿದ್ರೆ ಗೆರೆ ಒಡೀತೈತೆ. ನಂಗೆ ಗೊತ್ತಾಗ್ಬೇಕಲ್ಲ.’

‘ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?’

‘ಇಲ್ಲ’ ಎಂದರು, ಕೈ ಒರೆಸಿಕೊಳ್ಳುತ್ತ.

ಈಗ ಗಾಡಿ ಒಯ್ದಾಗೆಲ್ಲ, ನಮಸ್ಕಾರಕ್ಕೂ ಮೊದಲು ಅವರು ಬ್ಯಾಟರಿ ದೀಪ ಹಿಡಿದು ಕೆಳಗೆ ಬಗ್ಗುತ್ತಾರೆ. ನಾನು ಏನನ್ನೂ ಬಿಚ್ಚಿಸಿರುವುದಿಲ್ಲ. ಆದರೂ ಅವರು ಎದ್ದು ನಿಂತು ‘ಹ್ಞೂಂ, ಬರ್ರಿ’ ಎನ್ನುವವರೆಗೆ ನನಗೆ ಉಸಿರು ಕೆಳಗಿಳಿಯುವುದಿಲ್ಲ.