ಕೋಟೆ ಬೀದಿಯ ಬ್ರ್ಯಾಂಡ್ ನ್ಯೂ ಮನೆ

ಶ್ರೀರಂಗಪಟ್ಟಣದ ವಾಕಿಂಗ್ ಟೂರಿನಲ್ಲಿ ಮೊದಲು ಕೋಟೆಯೊಳಗಿನ ಹಳೆ ಬೀದಿ, ಆಮೇಲೆ ಹೈವೇ ಬದಿಯ ಗಾಜಿನ ಹೋಟೆಲು ಎಂದು ಗೈಡ್ ಹೇಳಿದ್ದ. ಒಂದು ಮನೆಯ ಜಗಲಿಯ ಮರದ ಕಂಬ ತೋರಿಸಿ, "ನೂರಾರು ವರ್ಷದ ಹೆರಿಟೇಜ್!" ಎಂದ. ನಮ್ಮ ಅಜ್ಜಿಮನೆಯ ಕಂಬಗಳೂ ಹೀಗೇ ಇದ್ದವು. ಸೋ ಲವ್ಲಿ, ಕಣ್ಣು ತುಂಬಿತು.

ಅಷ್ಟರಲ್ಲಿ ಮನೆಯಾಕೆ ಪೊರಕೆ ಹಿಡಿದೇ ಓಡಿಬಂದರು. "ಯಾರ್ಲಾ ಅಳೇದು ಅಂದೋನು? ಅಂಗಂತ ಸರ್ಕಾರದೋರು ಬರ್ಕೊಂಡೋದ್ರೆ ಒಂದು ರೂಮು ಕಟ್ಕೊಳಕ್ಕೂ ಬುಡಕಿಲ್ಲ. ಮಗಳು ಬಾಣಂತನಕ್ಕೆ ಬತ್ತಾವ್ಳೆ, ಎಲ್ಲಿ ಮನಗಿಸ್ಲಿ?"

"ಅಕ್ಕ, ಕಂಬ ನೋಡಿದ್ರೇ ಗೊತ್ತಾಯ್ತದಲ್ಲ" ಎಂದ ಗೈಡ್.

"ಓದ್ ವರ್ಸ ಆಕ್ಸಿದ್ದು ಕಣ್ಲಾ!" ಎಂದವರೇ ನನ್ನತ್ತ ತಿರುಗಿದರು. "ನೀವು ಓದಿರೋ ಅಮ್ಮಾರು, ನೀವೇ ಏಳಿ. ಇದು ಅಳೇದಾ?"

ಸುಳ್ಳು ಹೇಳಿದರೆ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೂ ತಲೆಮಾರುಗಳ ಕೈ ತಾಗಿ ತಾಗಿ ನುಣುಪಾಗಿದ್ದ ಆ ಕಂಬವನ್ನು ಸವರಿ, "ಅಬ್ಸಲ್ಯೂಟ್ಲಿ ಬ್ರ್ಯಾಂಡ್ ನ್ಯೂ. ಪಾಲಿಶ್ ವಾಸನೆ ಕೂಡ ಇನ್ನೂ ಹೋಗಿಲ್ಲ" ಎಂದೆ.

ಎದುರು ಜಗಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಅಜ್ಜ ದಡಕ್ಕನೆ ಎದ್ದು ನಿಂತ. "ಅಮ್ಮಾರೇ, ಇತ್ಲಾಗೂ ಬಂದು ನಮ್ದೂ ಒಸಿ ಅಂಗೇ ಏಳ್ಬುಡಿ!"