ಕೌದಿಯಲ್ಲಿದ್ದ ಒಂದು ತಮಿಳು ಪದ

ಆ ಮಾತು ಆಡಿದ್ದು ಬ್ಲೌಸ್ ಹೊಲಿಯುವ ಸೇಲಂ ಆಂಟಿ ಎಂದೇ ನಾನು ಆರು ವರ್ಷ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಸಿಕ್ಕಸಿಕ್ಕವರಿಗೆ ಹೇಳಿಯೂ ಇದ್ದೆ. ಮೊನ್ನೆ ಅನ್ನಪೂರ್ಣೇಶ್ವರಿ ನಗರದ ಮನೆ ಖಾಲಿ ಮಾಡುವಾಗ ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತು. ಅದನ್ನು ಕೇಳಿದ ಮೇಲೆ ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಹಾಗೇ ಕೂತುಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ, ಪಿಎಚ್‌.ಡಿ. ಅರ್ಧಕ್ಕೆ ಬಿಟ್ಟು, ಒಂದು ಸಣ್ಣ ಸಂಸ್ಥೆಗೆ ಸೇರಿದ್ದೆ. ದೇಶ ಬಿಟ್ಟು ಬಂದವರನ್ನು ಅಕ್ಕಪಕ್ಕದವರ ಜೊತೆ ಕೂರಿಸಿ, ಎಲ್ಲರ ಕೈಯಲ್ಲೂ ಒಟ್ಟಾಗಿ ಏನಾದರೂ ಮಾಡಿಸುವುದು ಅದರ ಕೆಲಸ. ಒಟ್ಟಿಗೆ ಕೂತು ಹೊಲಿದರೆ ಈ ಜಾಗ ತಮ್ಮದು ಅನ್ನಿಸುತ್ತದೆ ಎಂಬ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಆದರೂ ಬೆಂಗಳೂರಿನ ಹೆಗ್ಗನಹಳ್ಳಿಯ ಶನಿವಾರದ ಗುಂಪು ನನ್ನ ಪಾಲಿಗೆ ಬಂತು. ಅಲ್ಲಿ ಮೀರಬಾರದ ನಿಯಮವೊಂದಿತ್ತು. ಗುಂಪಿನಲ್ಲಿ ನಿರಾಶ್ರಿತರು ಯಾರು ಎಂಬುದು ಪಟ್ಟಿ ನೋಡಿದವರ ಬಾಯಿಂದ ಹೊರಬೀಳಕೂಡದು. ಪಟ್ಟಿ ನೋಡಿದ್ದವನು ನಾನೊಬ್ಬನೇ.

ಮನೆ ಓನರ್ ಆಂಟಿ ಮಹಡಿಯ ಹಾಲ್ ಬಿಟ್ಟುಕೊಟ್ಟಿದ್ದರು. ಕೆಳಗಿನ ಸಿಂಗಲ್ ರೂಮಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಂಗಸು, ಏಳನೇ ಕ್ಲಾಸಿನ ಮಗಳ ಜೊತೆ ಬಾಡಿಗೆಗಿದ್ದರು. ಸೇಲಂ ಕಡೆಯವರು ಅಂತ ಬೀದಿಗೆಲ್ಲ ಗೊತ್ತು. ಪಟ್ಟಿಯಲ್ಲಿ ಬೇರೆ ಇತ್ತು: ಶ್ರೀಲಂಕಾದ ಜಾಫ್ನಾದಿಂದ ದೋಣಿಯಲ್ಲಿ ಬಂದು, ತಮಿಳುನಾಡಿನ ಕ್ಯಾಂಪಿನಲ್ಲಿದ್ದು, ಅಲ್ಲಿಂದ ಬೆಂಗಳೂರಿಗೆ ಬಂದವರು. ನಿಜ ಗೊತ್ತಾದರೆ ಆ ರೂಮು ಉಳಿಯುವುದಿಲ್ಲ ಎಂದು ಅವರೇ ಸಂಸ್ಥೆಗೆ ಹೇಳಿದ್ದರು.

ನಾವು ಹೊಲಿಯುತ್ತಿದ್ದದ್ದು ಕೌದಿ. ಕಲಿಸುತ್ತಿದ್ದವರು ಬಾದಾಮಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಒಬ್ಬ ಅಕ್ಕ. ಹಳೆ ಸೀರೆಯ ಒಂದೊಂದು ತುಂಡಿನ ಮೇಲೂ ಒಬ್ಬೊಬ್ಬರು, ತಮ್ಮ ಊರಿನಲ್ಲಿ ಮಾತ್ರ ಕೇಳುವ ಒಂದು ಪದವನ್ನು ದಾರದಲ್ಲಿ ಬರೆಯಬೇಕು. ಈ ಐಡಿಯಾ ನನ್ನದು.

"ನಮ್ಮದು 'ಲಗೂನ' ಬರೀರಿ ಸರ. ನಿಮ್ಮೂರ ಮೇಸ್ತ್ರಿಗೆ ಅದೊಂದು ಬಿಟ್ರ ಬ್ಯಾರೆ ಕನ್ನಡ ಬರೂದಿಲ್ಲ," ಎಂದರು ಬಾದಾಮಿ ಅಕ್ಕ. ಲಗೂನ ಎಂದರೆ ಬೇಗ.

ಇಲ್ಲೇ ಹತ್ತಿರದ ಕುರುಬರಹಳ್ಳಿಯಲ್ಲಿ ಹುಟ್ಟಿ ಬೆಳೆದ ಓನರ್ ಆಂಟಿ ಮೂತಿ ತಿರುಗಿಸಿದರು. "ನಮ್ಮೂರೇ ಇದು ಕಣಪ್ಪ, ನಮಗೇನು ಸ್ಪೆಷಲ್ ಪದ? ಎಲ್ಲಾನೂ ನಿಮಗೇ ಕೊಟ್ಬಿಟ್ಟಿದೀವಿ."

ಎಲ್ಲರೂ ನಕ್ಕರು. ಕೆಳಗಿನ ರೂಮಿನವರು ತಲೆ ಬಗ್ಗಿಸಿಕೊಂಡು ತಮಿಳಿನಲ್ಲಿ ಎರಡೇ ಅಕ್ಷರ ಹೊಲಿದಿದ್ದರು. 'ಕದೈ'. ಮಾತಾಡು ಅಂತ ಅರ್ಥ. ಹಸಿರು ದಾರ. ಹಸಿರೇ ಇರಬೇಕು, ಈಗ ಅದನ್ನೂ ಆಣೆ ಮಾಡಿ ಹೇಳಲಾರೆ.

ಪಕ್ಕದಲ್ಲಿದ್ದವರು ರಸ್ತೆ ತುದಿಯಲ್ಲಿ ಬ್ಲೌಸ್ ಹೊಲಿಯುವ ಸೇಲಂ ಆಂಟಿ. "ಇದೇನಮ್ಮಾ ಇದು? ನಮ್ಮಲ್ಲಿ 'ಪೇಸು' ಅಂತಾರೆ. ಕದೈ ಅಂದ್ರೆ ಕತೆ ಅಲ್ವಾ?"

"ಸೇಲಂ ಕಡೆ ಹಿಂಗೇ ಅಕ್ಕ."

"ನಾನೂ ಸೇಲಂನೋಳೇ ಕಣಮ್ಮ!"

ನನ್ನ ನೆನಪಿನ ಪ್ರಕಾರ, ಇದಾದ ಮೇಲೆ ಸೇಲಂ ಆಂಟಿಯೇ "ಇದು ಸಿಲೋನ್ ತಮಿಳು" ಅಂದುಬಿಟ್ಟರು. ನಾನು ಏನೂ ಮಾಡಲಾಗದೆ ನಿಂತಿದ್ದೆ. ಓನರ್ ಆಂಟಿ ಸೂಜಿ ಕೆಳಗಿಟ್ಟು, "ಎರಡು ವರ್ಷದಿಂದ ನನ್ನ ಮನೇಲೇ ಇದ್ಕೊಂಡು ಸೇಲಂ ಅಂದ್ಯಲ್ಲೇ? ಪೊಲೀಸ್ನೋರು ಬಂದ್ರೆ ಮೊದಲು ನನ್ನ ಕೇಳ್ತಾರೆ," ಅಂದರು. ಆ ಹೆಂಗಸು ಏನೂ ಹೇಳದೆ ಕತ್ತರಿ ತೆಗೆದುಕೊಂಡು ತಮ್ಮ ತುಂಡನ್ನು ಕೌದಿಯಿಂದ ಬಿಡಿಸಿಕೊಂಡರು.

ಮುಂದಿನ ಶನಿವಾರ ಹೋದಾಗ ಕೆಳಗಿನ ರೂಮಿಗೆ ಸುಣ್ಣ ಬಳಿಯುತ್ತಿದ್ದರು.

"ನಾನೇನೂ ಹೋಗು ಅನ್ಲಿಲ್ಲಪ್ಪ," ಓನರ್ ಆಂಟಿ ನನ್ನ ಮುಖ ನೋಡದೆ ಹೇಳಿದರು. "ಕರಾರು ಪತ್ರಕ್ಕೆ ರೇಷನ್ ಕಾರ್ಡ್ ಝೆರಾಕ್ಸ್ ಕೊಡಮ್ಮ ಅಂದೆ, ಅಷ್ಟೇ. ಬೆಳಗ್ಗೆ ಎದ್ರೆ ಇಲ್ಲ. ಮಗಳ ಟಿ.ಸಿ. ಕೂಡ ಇಸ್ಕೊಳ್ಳದೆ ಹೋಗಿದಾಳೆ."

ಕೌದಿಯಲ್ಲಿ ಅಂಗೈಯಗಲ ತೂತು ಉಳಿದಿತ್ತು. ಅದನ್ನು ಹಾಗೇ ಬಿಡೋಣ, ಅದಕ್ಕೂ ಒಂದು ಅರ್ಥವಿದೆ ಎಂದು ನಾನು ಶುರುಮಾಡಿದೆ. ಬಾದಾಮಿ ಅಕ್ಕ ನನ್ನನ್ನು ದಿಟ್ಟಿಸಿ ನೋಡಿದರು. "ತೂತು ಬಿಟ್ರ ಹರಿತೈತ್ರಿ ಸರ. ಹೊದ್ಕೊಳ್ಳೋರಿಗೆ ಚಳಿ ಆಗ್ತೈತಿ." ಡಬ್ಬಿಯಿಂದ ರೊಟ್ಟಿಯ ಚೂರೊಂದನ್ನು ತೆಗೆದು ಪದರಗಳ ನಡುವೆ ಇಟ್ಟು, ಮೇಲೆ ಬೇರೆ ಬಟ್ಟೆ ಹಾಕಿ ಹೊಲಿದುಬಿಟ್ಟರು. ಕೌದಿ ಹಸಿದಿರಬಾರದಂತೆ, ಅವರ ಕಡೆಯ ರೂಢಿ. ಕೌದಿ ಪ್ರದರ್ಶನಕ್ಕೆ ಹೋಯಿತು. ಅದರ ಪಕ್ಕ ನಿಂತು ನಾನು ಫೋಟೋ ತೆಗೆಸಿಕೊಂಡೆ.

ಆ ತಾಯಿ ಮಗಳು ಎಲ್ಲಿ ಹೋದರೋ ಗೊತ್ತಾಗಲಿಲ್ಲ. ಮಗಳ ಶಾಲೆಗೆ ಎರಡು ಸಲ ಹೋಗಿ ವಿಚಾರಿಸಿದೆ. ಎರಡು ಸಲ ಎಂದು ನೆನಪು.

ಈಗ ಕ್ಯಾಸೆಟ್. ಪ್ರತಿ ಶನಿವಾರದ ಮಾತುಗಳನ್ನು ರೆಕಾರ್ಡ್ ಮಾಡುತ್ತಿದ್ದೆವು. ಇದು ಆ ದಿನದ್ದು. ಮೇಸ್ತ್ರಿಯ ಜೋಕು ಇದೆ, ನಗು ಇದೆ. "ನಾನೂ ಸೇಲಂನೋಳೇ ಕಣಮ್ಮ" ಇದೆ. ಆದರೆ ಅದರ ಹಿಂದೆಯೇ ಸೇಲಂ ಆಂಟಿಯ ಇನ್ನೊಂದು ಮಾತಿದೆ, ತಗ್ಗಿದ ದನಿಯಲ್ಲಿ: "ಇರ್ಬೋದು ಬಿಡು, ಹಳ್ಳಿ ಕಡೆ ಹಂಗಂತಾರೇನೋ."

ಅವರಿಗೆ ಗೊತ್ತಾಗಿತ್ತು. ಗೊತ್ತಾಗಿಯೇ ಆಕೆಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿದ್ದರು.

ಆಮೇಲೆ ಒಬ್ಬ ಹುಮ್ಮಸ್ಸಿನ ಗಂಡಸಿನ ದನಿ. "ಇಲ್ಲ ಆಂಟಿ, ಸೇಲಂನಲ್ಲಿ ಎಲ್ಲೂ ಹಂಗನ್ನಲ್ಲ. ಇದು ಜಾಫ್ನಾ ತಮಿಳು. ಎಷ್ಟು ಚೆನ್ನಾಗಿದೆ ನೋಡಿ!"

ಯಾರ ದನಿ ಎಂದು ಒಂದು ಕ್ಷಣ ನಿಜವಾಗಿಯೂ ತಿಳಿಯಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ನನ್ನದೇ.

ಓನರ್ ಆಂಟಿಯ ಸಿಟ್ಟು ನೆನಪಿದ್ದ ಹಾಗೇ ಇದೆ. ಆದರೆ ಆ ಹೆಂಗಸು ಸುಮ್ಮನಿರಲಿಲ್ಲ. "ಸಾರ್, ನಿಮ್ಮನ್ನ ಯಾರು ಕೇಳಿದ್ದು?" ಎಂದು ಕೇಳಿದ್ದಾರೆ. ಕತ್ತರಿಯ ಸದ್ದಿನ ಮೇಲೆಯೇ ನನ್ನ ದನಿ ಬರುತ್ತದೆ: "ಆ ಪದಾನ ಇನ್ನೊಂದ್ ಸಲ ಹೇಳ್ತೀರಾ? ಇದರಲ್ಲಿ ಸರಿಯಾಗಿ ರೆಕಾರ್ಡ್ ಆಗ್ಬೇಕು."

ಅವರು ಹೇಳಿದ್ದಾರೆ. ಸ್ಪಷ್ಟವಾಗಿ ಕೇಳುತ್ತದೆ.