ಅಕ್ಕನ ಎಲೆಯ ತುಪ್ಪ

ಪೆರುಂಗುಡಿಯ ಕಡೆ ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಬೆಳೆಸುತ್ತೇವೆ. ಅವುಗಳಲ್ಲಿ ಬೇಗ ಹಬ್ಬುವ, ಹಾರ್ಮೋನಿನ ಮದ್ದಿಗೆ ಬಗ್ಗದ ಜಾತಿಯೊಂದಿದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರೊಳಗೆ ಕೊಬ್ಬಿನ ಹನಿಗಳು ಸಾಸಿವೆ ಚೆಲ್ಲಿದ ಹಾಗೆ, ಕೆಂಪಗೆ ಕಾಣುತ್ತವೆ. ಹೊರಗೆ ಕೊಬ್ಬು ಸಿಕ್ಕರೆ ಅದು ಎಳೆದುಕೊಳ್ಳುತ್ತದೆ. ಸಿಗದಿದ್ದರೆ ಸಕ್ಕರೆಯಿಂದ ತಾನೇ ಮಾಡಿಕೊಳ್ಳುತ್ತದೆ. ಎಷ್ಟು, ಯಾವಾಗ ಎನ್ನುವುದು ನಮಗಿನ್ನೂ ಪೂರ್ತಿ ಗೊತ್ತಿಲ್ಲ.

ಅದೇ ಜಾತಿಯ ಗಡ್ಡೆ ಅಕ್ಕನ ಎದೆಯಲ್ಲಿ ಸಿಕ್ಕಿತು.

ನಮಗೆ ಗೊತ್ತಿಲ್ಲದ್ದೆಲ್ಲ ಭಾವನ ಅಣ್ಣನಿಗೆ ಗೊತ್ತಿತ್ತು. ವಿಮಾ ಕಚೇರಿಯಿಂದ ನಿವೃತ್ತರಾದವರು; ಪಿಂಚಣಿಯ ಜೊತೆಗೇ ಅವರಿಗೆ ವೈದ್ಯವೂ ಬಂದಿತ್ತು. ಅಕ್ಕನ ಕೀಮೋದ ಮೊದಲ ಡ್ರಿಪ್ ಮುಗಿದ ವಾರವೇ ಫೋನಿನಲ್ಲಿ ಒಂದು ವಿಡಿಯೋ ತೋರಿಸಿ, ಕ್ಯಾನ್ಸರಿಗೆ ಕೊಬ್ಬೇ ಊಟ, ಊಟ ನಿಲ್ಲಿಸಿದರೆ ಅದು ಸಾಯುತ್ತದೆ ಎಂದು ತೀರ್ಪು ಕೊಟ್ಟರು. ತುಪ್ಪ, ಎಣ್ಣೆ, ತೆಂಗಿನಕಾಯಿ, ಮೊಸರು ಎಲ್ಲ ಬಂದ್. ಕೋಡಂಬಾಕ್ಕಂನಲ್ಲಿ ಭಾವನದು ಸಸ್ಯಾಹಾರಿ ಹೋಟೆಲು. ದಿನವಿಡೀ ಊರಿಗೆಲ್ಲ ತುಪ್ಪದ ದೋಸೆ ಹುಯ್ದುಕೊಡುವ ಮನುಷ್ಯ ಮನೆಯಲ್ಲಿ ಹೆಂಡತಿಗೆ ಗಂಜಿ ಮತ್ತು ಬೇಯಿಸಿದ ಸೋರೆಕಾಯಿ ಕೊಡತೊಡಗಿದರು. ಅಣ್ಣ ಹೇಳಿದ್ದೇ ಅವರ ಪಾಲಿಗೆ ವಿಜ್ಞಾನ.

ನಾನು ಹೇಳಿ ನೋಡಿದೆ. ತುಪ್ಪ ತಪ್ಪಿಸಿದರೆ ಆ ಕೋಶ ಅಕ್ಕನ ಮೈಯಲ್ಲಿರುವ ಕೊಬ್ಬಿಗೇ ಕೈಹಾಕೀತು, ಬಡವಾಗುವವಳು ಅಕ್ಕ ಎಂದೆ. ಭಾವನ ಅಣ್ಣ ನಕ್ಕರು. ಅವರ ಮುಂದೆ ಆಗ ಹೋಟೆಲಿನಿಂದ ಬಂದ ತುಪ್ಪದ ದೋಸೆಯಿತ್ತು, ಬೆರಳುಗಳು ಮಿನುಗುತ್ತಿದ್ದವು.

"ನೀನು ಗಾಜಿನ ತಟ್ಟೆಯಲ್ಲಿ ನೋಡುವವಳು ಮಾರಾಯ್ತಿ. ಇವರು ಅಮೆರಿಕದ ಡಾಕ್ಟ್ರು."

ಆ ಡಾಕ್ಟರು ವಿಡಿಯೋದ ಕೊನೆಯಲ್ಲಿ ಯಾವುದೋ ಪುಡಿ ಮಾರುತ್ತಿದ್ದರು. ನಾನು ಅದನ್ನು ತೋರಿಸಿದರೆ, ಮಾರಿದರೆ ತಪ್ಪೆಂತ ಎಂದು ಭಾವನ ಅಣ್ಣ ಕೇಳಿದರು.

ಮೂರನೆಯ ಡ್ರಿಪ್ಪಿನ ದಿನ, ಒಂದು ಶನಿವಾರ, ಆಸ್ಪತ್ರೆಯಲ್ಲಿ ಅಕ್ಕ ತೂಕದ ಯಂತ್ರ ಹತ್ತಿದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರು ಅಂಕಿ ನೋಡಿದರು, ಅಕ್ಕನನ್ನು ನೋಡಿದರು, ಏನು ತಿನ್ನುತ್ತೀರಿ ಎಂದು ಕೇಳಿದರು. ಉತ್ತರ ಕೇಳಿದ ಮೇಲೆ ಅಂದು ಮದ್ದು ಹಾಕಲಿಲ್ಲ. ಇಷ್ಟು ಸೊರಗಿದ ಮೈ ತಡೆಯುವುದಿಲ್ಲ, ಒಂದು ವಾರ ಎಲ್ಲವನ್ನೂ ತಿಂದು ಬನ್ನಿ, ಆಗಲೂ ಹೀಗೇ ಇದ್ದರೆ ಡೋಸು ಇಳಿಸಬೇಕಾದೀತು, ಈ ಜಾತಿಯ ಗಡ್ಡೆಗೆ ತಡ ಒಳ್ಳೆಯದಲ್ಲ ಎಂದರು. ಹಿಂತಿರುಗುವಾಗ ಆಟೋದಲ್ಲಿ ಅಕ್ಕನ ಕೈ ನನ್ನ ಕೈಯಲ್ಲಿತ್ತು.

ಆ ಮನೆಯಲ್ಲಿ ಭಾನುವಾರ ಬಾಳೆಲೆ ಊಟ. ಎಲ್ಲರ ಅನ್ನಕ್ಕೂ ತುಪ್ಪ ಬೀಳುವವರೆಗೆ ಯಾರೂ ತುತ್ತೆತ್ತುವಂತಿಲ್ಲ. ಅಷ್ಟು ದಿನ ಒಳಕೋಣೆಯಲ್ಲಿ ಗಂಜಿ ಕುಡಿಯುತ್ತಿದ್ದ ಅಕ್ಕ ಮರುದಿನ ತಾನೂ ಬಂದು ಎಲೆಯ ಮುಂದೆ ಕೂತಳು. ಭಾವ ತುಪ್ಪದ ಮಿಳ್ಳೆ ಹಿಡಿದು ಅಣ್ಣನಿಗೆ ಬಡಿಸಿದರು, ನನಗೆ ಬಡಿಸಿದರು, ಅಕ್ಕನೆದುರು ನಿಂತುಬಿಟ್ಟರು.

"ಅವಳಿಗೆ ಬೇಡ," ಎಂದರು ಅಣ್ಣ. ಡಾಕ್ಟರುಗಳಿಗೆ ಊಟದ ವಿಷಯ ಓದಿಸುವುದೇ ಇಲ್ಲವಂತೆ.

ಅಕ್ಕ ಗಂಡನ ಮಣಿಕಟ್ಟು ಹಿಡಿದಳು. ಕಣ್ಣು ಮಾತ್ರ ಭಾವನ ಅಣ್ಣನ ಮೇಲಿತ್ತು.

"ಗಡ್ಡೆ ಬೇಕಾದ್ರೆ ಉಪವಾಸ ಇರ್ಲಿ, ನೀವೇ ಅದಕ್ಕೆ ಹೇಳಿ. ನಂಗೆ ಹಸಿವಾಗ್ತದೆ." ಆಮೇಲೆ ಗಂಡನಿಗೆ, "ಹಾಕಿ."

ಭಾವ ಅಣ್ಣನ ಮುಖ ನೋಡಿದರು. ನಾನು ಕೈ ಮಡಿಚಿ ಕೂತೆ. ಭಾವನ ಅಣ್ಣನ ಅನ್ನ ಆರುತ್ತಿತ್ತು, ಅದರ ಮೇಲಿನ ತುಪ್ಪ ಗಟ್ಟಿಯಾಗತೊಡಗಿತ್ತು. ಇನ್ನೊಬ್ಬರಿಗೆ ಉಪವಾಸ ಬರೆದುಕೊಡುವ ಅವರಿಗೆ ಸ್ವಂತ ಹಸಿವು ತಡೆದು ಅಭ್ಯಾಸವಿರಲಿಲ್ಲ.

"ಸರಿ, ಹಾಕು ಮಾರಾಯ," ಎಂದರು.

ಮುಂದಿನ ಶನಿವಾರದೊಳಗೆ ಅವರಿಂದ ಹೊಸ ವಿಡಿಯೋ ಬಂದಿತ್ತು. ಈ ಸಲ ಸಕ್ಕರೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅಕ್ಕ ಅದನ್ನು ತೆರೆಯದೆ ಫೋನನ್ನು ದಿಂಬಿನಡಿ ಇಟ್ಟು ಡ್ರಿಪ್ಪಿಗೆ ಕೈ ಚಾಚಿದಳು. ಪೂರ್ತಿ ಡೋಸು ಹನಿಹನಿಯಾಗಿ ಇಳಿದು ಮುಗಿಯುವವರೆಗೆ ನಾನು ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ.